ಮದುವೆಯಿಲ್ಲದ ಗಟ್ಟಿಮೇಳ

ನಾನು ಆಡುವ ಆಟ ಯಾವುದು ಎಂದು ನೆಂಟರಿಷ್ಟರಿಗೆ ವಿವರಿಸುವುದರಲ್ಲೇ ನನ್ನ ಅರ್ಧ ಆಯಸ್ಸು ಕಳೆದುಹೋಗಿದೆ. ಸ್ಕೇಟಿಂಗ್ ಎಂದ ಕೂಡಲೇ "ಎಷ್ಟು ಸ್ಪೀಡಲ್ಲಿ ಹೋಗ್ತೀಯ?" ಎಂದು ಕೇಳುತ್ತಾರೆ. ಇದು ಓಟದ ಸ್ಪರ್ಧೆಯಲ್ಲ, ಸಂಗೀತ ಹಾಕಿಕೊಂಡು ಚಕ್ರದ ಮೇಲೆ ಕುಣಿಯುವುದು ಎಂದರೆ, ಕೇಳಿದವರು ಒಮ್ಮೆ ನನ್ನ ಮೀಸೆ ನೋಡುತ್ತಾರೆ, ಒಮ್ಮೆ ನಮ್ಮಮ್ಮನ ಮುಖ ನೋಡುತ್ತಾರೆ, ಆಮೇಲೆ ತಮ್ಮ ಕಾಫಿ ಲೋಟದೊಳಗೆ ನೋಡುತ್ತಾರೆ.

ಟೀವಿಯಲ್ಲಿ ಐಸ್ ಮೇಲೆ ಮಿಂಚಿನ ಅಂಗಿ ತೊಟ್ಟ ಗಂಡಸರು ಹಾರಿ, ಗಾಳಿಯಲ್ಲೇ ಗಿರಗಿರನೆ ಸುತ್ತಿ, ಒಂಟಿ ಕಾಲಲ್ಲಿ ಇಳಿಯುತ್ತಾರಲ್ಲ, ಅದೇ ಇದು. ಮೈಸೂರಿನಲ್ಲಿ ಐಸ್ ಸಿಗುವುದು ಕಬ್ಬಿನ ಹಾಲಿನ ಅಂಗಡಿಯಲ್ಲಿ ಮಾತ್ರವಾದ್ದರಿಂದ ನಾವು ಬೂಟಿನ ಕೆಳಗೆ ನಾಲ್ಕು ಚಕ್ರ ಕಟ್ಟಿಕೊಂಡು ನುಣುಪು ನೆಲದ ಮೇಲೆ ಮಾಡುತ್ತೇವೆ. ಸುಮಾರು ನಾಲ್ಕು ನಿಮಿಷದ ಸಂಗೀತ. ಅದರೊಳಗೆ ಹಾರಬೇಕು, ಸುತ್ತಬೇಕು, ಕುಣಿಯಬೇಕು. ಹಾರಿದ್ದಕ್ಕೆ ಅಂಕ ಬೇರೆ, ಸಂಗೀತವನ್ನು ಮೈಯಲ್ಲಿ ಹೇಗೆ ಹೊತ್ತೆ ಎಂಬುದಕ್ಕೆ ಅಂಕ ಬೇರೆ. ನನಗೆ ಯಾವಾಗಲೂ ಪೆಟ್ಟು ಬೀಳುತ್ತಿದ್ದುದು ಎರಡನೆಯದರಲ್ಲಿ.

ಅದಕ್ಕೆ ಕಾರಣವೂ ಇತ್ತು. ಈ ಆಟದಲ್ಲಿ ಗಂಡಸರಿಗೆ ಇರುವುದು ಎರಡೇ ಸಂಗೀತ. ಒಂದು ಯುದ್ಧ, ಇನ್ನೊಂದು ವಿರಹ. ಪ್ರಪಂಚದ ಯಾವ ಮೂಲೆಯ ಸ್ಪರ್ಧೆಯನ್ನಾದರೂ ಫೋನಿನಲ್ಲಿ ನೋಡಿ, ಒಬ್ಬ ಇಲ್ಲದ ಕತ್ತಿ ಹಿರಿಯುತ್ತಿರುತ್ತಾನೆ, ಅವನ ಹಿಂದೆ ಬರುವವನು ಹೋದ ಹುಡುಗಿಯ ಕಡೆ ಕೈ ಚಾಚುತ್ತಿರುತ್ತಾನೆ. ನಾನೂ ಎರಡನ್ನೂ ಮಾಡಿದೆ. ಮೊದಲ ಸಲ ರಾಜ್ಯಮಟ್ಟಕ್ಕೆ ಹೋದಾಗ ತುತ್ತೂರಿ, ನಗಾರಿ, ಮೈಮೇಲೆ ಚಿನ್ನದ ಬಣ್ಣದ ಗುಂಡಿಗಳಿದ್ದ ಕೋಟು. "ಸಂಗೀತ ಒಂದು ಕಡೆ, ಹುಡುಗ ಒಂದು ಕಡೆ" ಎಂದು ತೀರ್ಪುಗಾರರೊಬ್ಬರು ನಮ್ಮ ಕೋಚ್‌ ಮೇಡಂಗೆ ಹೇಳಿದರಂತೆ. ಎರಡನೆಯ ಸಲ ಪಿಯಾನೊ ವಿರಹ. ಅದರ ವಿಡಿಯೊ ನೋಡಿದ ನಮ್ಮ ದೊಡ್ಡಮ್ಮ, "ಪಾಪ, ಬೆಳಿಗ್ಗೆ ಏನು ತಿಂದಿತ್ತೋ ಮಗು, ಹೊಟ್ಟೆ ನುಲೀತಿರಬೇಕು" ಎಂದು ಮರುಗಿದರು. ಎರಡು ಸಲವೂ ನಾನು ಮೂರನೆಯವನು. ರಾಷ್ಟ್ರಮಟ್ಟಕ್ಕೆ ಹೋಗುವ ರಾಜ್ಯದ ಟೀಮಿಗೆ ಸೇರುವವರು ಮೊದಲ ಇಬ್ಬರು ಮಾತ್ರ.

ಮೂರನೆಯವನಾಗುವುದರ ಸಂಕಟ ಮೂರನೆಯವನಿಗೇ ಗೊತ್ತು. ಕೊನೆಯವನಾದರೆ ಮನೆಗೆ ಹೋಗಿ ಮಲಗಬಹುದು. ಮೂರನೆಯವನಿಗೆ ಪದಕವನ್ನೂ ಹಾಕುತ್ತಾರೆ, ಫೋಟೊಗೆ ನಗು ಎಂದೂ ಹೇಳುತ್ತಾರೆ.

ಆಗ ನನಗೆ ಇಪ್ಪತ್ತಾರು. ಮಂಡಿ ಮೊಹಲ್ಲಾದ ಪೈಪು-ನಲ್ಲಿ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಸ. ಅಪ್ಪ ಬಸ್ ಡ್ರೈವರು, ಮನೆಯಲ್ಲಿ ಇರುವುದಕ್ಕಿಂತ ರಸ್ತೆಯಲ್ಲಿ ಇರುವುದೇ ಹೆಚ್ಚು. ಹಾಗಾಗಿ ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಆಡಳಿತವೆಲ್ಲ ಅಮ್ಮನದು. ನನಗೆ ಮದುವೆ ಬೇಡವೆಂದು ನಾನು ಹೇಳುತ್ತಲೇ ಬಂದಿದ್ದೆ. ಯಾವ ಹುಡುಗಿಯ ಮೇಲೂ ಕೋಪವಿಲ್ಲ, ಯಾವ ಪ್ರೇಮಭಂಗವೂ ಆಗಿಲ್ಲ, ಒಬ್ಬನೇ ಇರುವುದು ನನಗೆ ಹಿತವೆನಿಸುತ್ತದೆ, ಅಷ್ಟೆ. ಅಮ್ಮನ ಪ್ರಕಾರ ಅದು ಕಾರಣವೇ ಅಲ್ಲ. ಎರಡನೆಯ ಸಲದ ಪದಕವನ್ನು ಮೊಳೆಗೆ ನೇತುಹಾಕುತ್ತ ಅಮ್ಮ ತೀರ್ಮಾನ ಹೇಳಿಯೇಬಿಟ್ಟರು.

"ಇನ್ನೊಂದೇ ಒಂದು ಸಲ ಹೋಗು. ಟೀಮಿಗೆ ಬಂದ್ಬುಟ್ಟೆ ಅಂದ್ರೆ ನಿನ್ನ ಪಾಡಿಗೆ ನೀನು ಸುತ್ಕೊಂಡಿರು. ಬರಲಿಲ್ವಾ, ಆ ಚಕ್ರದ ಬೂಟು ಅಟ್ಟಕ್ಕೆ ಹಾಕ್ಬುಟ್ಟು ಸುಮ್ನೆ ನನ್ ಜೊತೆ ಹುಡುಗಿ ನೋಡೋಕೆ ಬರ್ಬೇಕು. ಒಪ್ಕೋತೀಯಾ?"

ನನ್ನ ಸ್ವಭಾವವೇ ಹಾಗೆ. ಕೆಣಕಿದರೆ ಹಿಂದುಮುಂದು ನೋಡುವುದಿಲ್ಲ. "ಒಪ್ಕೊಂಡೆ" ಎಂದುಬಿಟ್ಟೆ.

ನಾವು ಅಭ್ಯಾಸ ಮಾಡುವ ಜಾಗ ಒಂಟಿಕೊಪ್ಪಲ್ ಕಡೆ. ತಗಡಿನ ಮಾಡು, ನುಣುಪಾದ ಸಿಮೆಂಟು ನೆಲ, ಒಂದು ಪಕ್ಕದಲ್ಲಿ ಕಲ್ಯಾಣಮಂಟಪದ ಗೋಡೆ. ಮುಹೂರ್ತಗಳ ತಿಂಗಳಲ್ಲಿ ನಮಗೆ ಬಲು ಕಷ್ಟ. ನಾವು ಇತ್ತ ಪಿಯಾನೊ ಹಾಕಿದರೆ ಅತ್ತಲಿಂದ ವಾಲಗ. ಜೊತೆಗೆ ಹಪ್ಪಳ ಕರಿಯುವ ವಾಸನೆ. ಹಸಿದ ಹೊಟ್ಟೆಯಲ್ಲಿ ವಿರಹ ಅಭಿನಯಿಸುವವನಿಗೆ ಆ ವಾಸನೆ ಎಂಥ ಶಿಕ್ಷೆ ಎಂದು ಬೇರೆ ಹೇಳಬೇಕಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾನು ಎರಡೂವರೆ ಸುತ್ತಿನ ಜಂಪ್ ಅಭ್ಯಾಸ ಮಾಡುತ್ತಿದ್ದೆ. ಅದು ನನ್ನ ಶತ್ರು. ಮುಂದಕ್ಕೆ ಮುಖ ಮಾಡಿ ಹಾರಬೇಕು, ಹಿಮ್ಮುಖವಾಗಿ ಇಳಿಯಬೇಕು. ದಣಿದಿಲ್ಲದಾಗ ಮೂರಕ್ಕೊಂದು ಬರುತ್ತಿತ್ತು, ನಾಲ್ಕು ನಿಮಿಷ ಕುಣಿದು ದಣಿದ ಮೇಲೆ ಬರುತ್ತಲೇ ಇರಲಿಲ್ಲ. ಆ ದಿನವೂ ದಬದಬನೆ ಬೀಳುತ್ತಿದ್ದೆ. ಮತ್ತೊಮ್ಮೆ ಹಾರಲು ಹೊರಟ ಹೊತ್ತಿಗೆ ಗೋಡೆಯಾಚೆ ಗಟ್ಟಿಮೇಳ ಶುರುವಾಯಿತು. ನಾಗಸ್ವರ ಒಂದೇ ಉಸಿರಿನಲ್ಲಿ ಮೇಲೆ ಏರಿತು, ಡೋಲು ತಡೆಯಿಲ್ಲದೆ ಸುರಿಯಿತು. ನಾನು ಹಾರಿದೆ. ಸುತ್ತಿದ್ದೂ ಗೊತ್ತಾಗಲಿಲ್ಲ. ಇಳಿದಾಗ ಒಂಟಿ ಕಾಲಲ್ಲಿ ನೆಟ್ಟಗೆ ಹಿಂದಕ್ಕೆ ಜಾರುತ್ತಿದ್ದೆ.

ಮೇಡಂ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ನಿಂತರು. ನಮ್ಮ ಮೇಡಂ ಹೊಗಳುವವರಲ್ಲ. ಹತ್ತು ವರ್ಷದಿಂದ ನನ್ನನ್ನು ತಿದ್ದಿದ್ದಾರೆ, ಒಂದು ಸಲವೂ ಭೇಷ್ ಅಂದಿಲ್ಲ. ಆ ದಿನವೂ ಅನ್ನಲಿಲ್ಲ. ಸುಮ್ಮನೆ ನನ್ನನ್ನೂ ಗೋಡೆಯನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು. ಮುಂದಿನ ಮುಹೂರ್ತದ ದಿನ ಮತ್ತೆ ಕರೆಸಿ, ಗಟ್ಟಿಮೇಳ ಬರುವವರೆಗೆ ಕಾಯಿಸಿ, "ಈಗ ಹಾರು" ಎಂದರು. ಹಾರಿದೆ, ಬಂತು. ಒಂದೇ ಮಂಟಪದಲ್ಲಿ ಎರಡು ಮದುವೆ ಇದ್ದ ದಿನ ಎರಡು ಸಲವೂ ಬಂತು.

"ನಿನ್ ಸಂಗೀತ ಸಿಕ್ತು ಕಣೋ" ಎಂದರು ಮೇಡಂ.

"ಮೇಡಂ, ವಾಲಗಾನಾ? ಎಲ್ಲರೂ ಫಾರಿನ್ ಆರ್ಕೆಸ್ಟ್ರಾ ಹಾಕಿಕೊಂಡು ಬರ್ತಾರೆ. ನಾನು ಮದುವೆ ಮನೆ ಮಾಡಿಕೊಂಡು ಹೋಗ್ಲಾ? ನಗ್ತಾರೆ."

"ಎರಡು ಸಲ ಯಾರೂ ನಗಲಿಲ್ಲ. ಏನು ಬಂತು ಅದರಿಂದ?"

ನನಗೆ ಸಿಟ್ಟು ಬಂತು. ಒಂದು ವಾರ ಅಭ್ಯಾಸಕ್ಕೆ ಹೋಗದೆ ಮುಖ ಊದಿಸಿಕೊಂಡಿದ್ದೆ. ಅಂಗಡಿಯಲ್ಲಿ ಗಿರಾಕಿಗಳು ಅರ್ಧ ಇಂಚಿನ ಪೈಪು ಕೇಳಿದರೆ ಮುಕ್ಕಾಲು ಇಂಚಿನದು ಕೊಡುತ್ತಿದ್ದೆ. ಆದರೆ ತಲೆಯೊಳಗೆ ಡೋಲು ನಿಲ್ಲುತ್ತಲೇ ಇರಲಿಲ್ಲ. ಕೌಂಟರಿನ ಹಿಂದೆ ನಿಂತಲ್ಲೇ ಹಿಮ್ಮಡಿ ಎತ್ತಿ ಎತ್ತಿ ಇಡುತ್ತಿದ್ದೆ. ಪಿಯಾನೊ ಕೇಳಿ ನನ್ನ ಹಿಮ್ಮಡಿ ಒಂದು ದಿನವೂ ಎದ್ದಿರಲಿಲ್ಲ. ಕೊನೆಗೆ ನಾನೇ ಸೋತು ಅಭ್ಯಾಸಕ್ಕೆ ಹೋದೆ.

ಇನ್ನು ಕುಣಿತ ಕಟ್ಟಬೇಕಾಯಿತು. ನನಗೆ ಬರುತ್ತಿದ್ದುದು ಎದೆ ಉಬ್ಬಿಸುವುದು, ಕತ್ತಿ ಹಿರಿಯುವುದು, ಕಣ್ಣು ಮುಚ್ಚಿ ಕೈ ಚಾಚುವುದು. ಮೇಡಂ ಇವನ್ನೆಲ್ಲ ಕಸದ ಬುಟ್ಟಿಗೆ ಹಾಕಿದರು. "ಮದುವೆ ಮನೇಲಿ ಗಂಡಸರು ಏನು ಮಾಡ್ತಾರೆ ಹೇಳು" ಎಂದು ಕೇಳಿದರು. ಯೋಚಿಸಿದೆ. ಚಪ್ಪರದಡಿ ಅತ್ತಿತ್ತ ಓಡಾಡುತ್ತಾರೆ, ಫೋನಿನಲ್ಲಿ ಕೂಗಾಡುತ್ತಾರೆ, ಕಾಶಿಯಾತ್ರೆಗೆ ಹೊರಟ ಮದುಮಗನಿಗೆ ಕೊಡೆ ಹಿಡಿಯುತ್ತಾರೆ. ಆಮೇಲೆ ಬಡಿಸುತ್ತಾರೆ.

"ಅದು!" ಎಂದರು ಮೇಡಂ. "ಬಡಿಸು."

ಪಂಕ್ತಿಯಲ್ಲಿ ಸಾರು ಬಡಿಸುವುದನ್ನು ನೀವು ಗಮನಿಸಿ ನೋಡಿ. ಎಡಗೈಯಲ್ಲಿ ಬಕೆಟ್ಟು, ಬಲಗೈಯಲ್ಲಿ ಸೌಟು, ಸೊಂಟ ಬಾಗಿಸಿ, ಎಲೆಯಿಂದ ಎಲೆಗೆ ಅಡ್ಡಡ್ಡ ಸರಿಯುತ್ತ, ಎದುರಿಂದ ಪಲ್ಯದವನು ಬಂದರೆ ಮೈ ತಿರುಗಿಸಿ ಜಾಗ ಬಿಡುತ್ತ, ಯಾರೋ ಕರೆದರೆ ಹಿಂದು ಹಿಂದಕ್ಕೇ ಹೋಗುತ್ತ, ಒಂದು ತೊಟ್ಟೂ ಚೆಲ್ಲದೆ. ಕಾಲಿನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೆಲ್ಲಿದೆ? ನಮ್ಮ ಆಟದಲ್ಲಿ ನೆಲದ ಈ ತುದಿಯಿಂದ ಆ ತುದಿಯವರೆಗೆ ಬರೀ ಕಾಲಿನ ಚಳಕ ತೋರಿಸುವ ಒಂದು ಭಾಗ ಇರಲೇಬೇಕು. ಅದನ್ನು ಪೂರ್ತಿ ಬಡಿಸುವುದರಿಂದಲೇ ಕಟ್ಟಿದೆವು. ಕೊಡೆ ಹಿಡಿದ ಮದುಮಗನ ಬಿಂಕದ ನಡಿಗೆ ಶುರುವಿಗೆ ಬಂತು. ಕೂತು ಗಿರಗಿರ ತಿರುಗುವ ಸುತ್ತು ನಡುವೆ. ಕೊನೆಗೆ ಗಟ್ಟಿಮೇಳ, ಅದರ ಏರಿನಲ್ಲಿ ಆ ಎರಡೂವರೆ ಸುತ್ತು.

ಮನೆಯ ಹಾಲಿನಲ್ಲಿ ಬರಿಗಾಲಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಇಷ್ಟು ವರ್ಷದಲ್ಲಿ ಅಮ್ಮ ನನ್ನ ಕುಣಿತಕ್ಕೆ ಸಲಹೆ ಕೊಟ್ಟಿದ್ದು ಅದೇ ಮೊದಲು.

"ಸಾರು ಬಡಿಸೋನು ಅಂಗೆ ಕೈ ಬೀಸಲ್ಲ ಕಣೋ. ಮೊಣಕೈ ಮೈಗೆ ಅಂಟ್ಕೊಂಡಿರ್ಬೇಕು. ಇಲ್ದಿದ್ರೆ ಪಕ್ಕದೋರ ರೇಷ್ಮೆ ಸೀರೆ ಕತೆ ಏನು?"

ಮೊಣಕೈ ಮೈಗೆ ಅಂಟಿಸಿದೆ. ತಕ್ಷಣ ತಿರುವು ಚುರುಕಾಯಿತು. ಸೋತರೆ ಅಮ್ಮನಿಗೆ ಲಾಭವಿತ್ತು, ಆದರೂ ತಪ್ಪು ಬಡಿಸುವುದನ್ನು ನೋಡಿಕೊಂಡು ಸುಮ್ಮನಿರುವುದು ಅವರಿಂದ ಆಗಲಿಲ್ಲ.

ಸಂಗೀತ ರೆಕಾರ್ಡ್ ಮಾಡಿಸಲು ಆ ಮಂಟಪದಲ್ಲೇ ನುಡಿಸುತ್ತಿದ್ದ ವಾಲಗದವರನ್ನು ಗೊತ್ತು ಮಾಡಿದೆವು. ಡೋಲಿನವರೇ ಮುಖ್ಯಸ್ಥರು. ದಪ್ಪ ಮೀಸೆ, ಬೆರಳಿಗೊಂದು ಉಂಗುರ, ತಾವು ನುಡಿಸಿದ್ದನ್ನೆಲ್ಲ ತಾವೇ ಫೋನಿನಲ್ಲಿ ಹಾಕಿ ತಾವೇ ಮೆಚ್ಚಿಕೊಳ್ಳುವ ಆಸಾಮಿ. ಆಲಾಪನೆ, ನಡುವಿನ ಕೃತಿ ಎಲ್ಲವೂ ಸಲೀಸಾಗಿ ಮುಗಿಯಿತು. ಗಟ್ಟಿಮೇಳಕ್ಕೆ ಬಂದಾಗ ಡೋಲಿನವರು ಕೋಲು ಕೆಳಗಿಟ್ಟು ಕೂತುಬಿಟ್ಟರು.

"ಯಾರು ಕೈ ತೋರ್ಸೋರು?" ಎಂದು ಕೇಳಿದರು.

"ಯಾವ ಕೈ?"

"ಪುರೋಹಿತ್ರು ಗಟ್ಟಿಮೇಳ ಅಂತ ಕೈ ಅಲ್ಲಾಡಿಸ್ಬೇಕಲ್ಲ ಸಾರ್. ಇಲ್ದಿದ್ರೆ ಎಂಗೆ ಶುರು ಮಾಡೋದು? ಆಮೇಲೆ ನಿಲ್ಸೋದು ಎಂಗೆ? ಮೂರು ಗಂಟು ಬೀಳೋವರ್ಗೂ ಹೊಡೀತೀವಿ ನಾವು. ಇಲ್ಲಿ ಗಂಟೂ ಇಲ್ಲ, ಕತ್ತೂ ಇಲ್ಲ."

ನಾನು ಮೊಬೈಲಿನಲ್ಲಿ ಸಮಯ ತೋರಿಸಿ, ಇಷ್ಟು ಹೊತ್ತು ಹೊಡೆಯಿರಿ ಸಾಕು ಎಂದೆ. ಪ್ರಯತ್ನಿಸಿದರು. ಕೇಳಲು ಎಲ್ಲವೂ ಸರಿಯಿತ್ತು, ಆದರೆ ಸಪ್ಪೆ. ಯಾರೋ ಮೆಟ್ಟಿಲ ಮೇಲಿಂದ ಪಾತ್ರೆ ಉರುಳಿಸಿದಂತಿತ್ತು. ನನ್ನ ಹಿಮ್ಮಡಿ ಏಳಲೇ ಇಲ್ಲ. ಡೋಲಿನವರಿಗೂ ಅದು ಗೊತ್ತಾಗಿ, "ಬರ್ತಿಲ್ಲ" ಎಂದು ತಲೆಯಾಡಿಸಿದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ಅಳೆದು, "ನೀವೇ ಕಟ್ಬುಡಿ" ಎಂದರು.

"ಏನನ್ನ?"

"ಗಂಟು. ಏನಾರ ಒಂದು ದಾರ ತಗೊಂಡು ಎಲ್ಲಿಗಾರ ಕಟ್ಟಿ. ಕಣ್ಣಿಗೆ ಕಾಣ್ಬೇಕು ನಂಗೆ."

ಕುತೂಹಲಕ್ಕೆಂದು ಜೊತೆಗೆ ಬಂದಿದ್ದ ಅಮ್ಮನ ಮುಖ ಬಿಳುಚಿಕೊಂಡಿತು. ಮದುವೆಯಿಲ್ಲದೆ ಗಟ್ಟಿಮೇಳ ಹೊಡೆಸುವುದೇ ಅಮ್ಮನಿಗೆ ಇಷ್ಟವಿರಲಿಲ್ಲ. ಈಗ ಗಂಟು ಬೇರೆ. ಆದರೆ ಬೇರೆ ದಾರಿ ಇರಲಿಲ್ಲ. ನನ್ನ ಚೀಲದಿಂದ ಸ್ಕೇಟಿಂಗ್ ಬೂಟಿನ ಒಂದು ಲೇಸ್ ತೆಗೆದೆ. ಸ್ಟುಡಿಯೊದ ಮೂಲೆಯಲ್ಲಿದ್ದ ಖಾಲಿ ಮೈಕ್ ಸ್ಟ್ಯಾಂಡನ್ನು ನಡುವಿಗೆ ತಂದು ನಿಲ್ಲಿಸಿದರು. ಕೈ ತೋರಿಸಲು ಯಾರೂ ಮುಂದೆ ಬರದಿದ್ದಾಗ ಅಮ್ಮನೇ ನಿಟ್ಟುಸಿರು ಬಿಟ್ಟು ಬಲಗೈ ಎತ್ತಿ ಗಾಳಿಯಲ್ಲಿ ಅಲ್ಲಾಡಿಸಿದರು. ಗಟ್ಟಿಮೇಳ ಮೊಳಗಿತು. ಆ ಸಣ್ಣ ಕೋಣೆಯಲ್ಲಿ ಅದು ಎದೆಗೇ ಬಂದು ಗುದ್ದಿತು. ಮೈಕ್ ಸ್ಟ್ಯಾಂಡಿನ ಕತ್ತಿಗೆ ಲೇಸ್ ಕಟ್ಟುವಾಗ ಎರಡನೆಯ ಗಂಟು ಜಾರಿತು, ಡೋಲಿನವರು ನನ್ನ ಬೆರಳುಗಳನ್ನೇ ನೋಡುತ್ತ ಇನ್ನಷ್ಟು ಬಿರುಸಾಗಿ ಬಡಿದರು. ಮೂರನೆಯ ಗಂಟು ಬೀಳುವುದಕ್ಕೂ ಡೋಲು ನಿಲ್ಲುವುದಕ್ಕೂ ಸರಿಹೋಯಿತು. ನಮಗೆ ಬೇಕಿದ್ದ ಹೊತ್ತಿಗೆ ಒಂದೆರಡು ಸೆಕೆಂಡು ಮಾತ್ರ ವ್ಯತ್ಯಾಸ.

ಹೊರಗೆ ಬಂದು ಆಟೋ ಹಿಡಿದೆವು. ಕೂತ ಮೇಲೆ ಅಮ್ಮ, "ಸೊಸೆ ಬಲು ಸಣ್ಣಕ್ಕವಳೆ" ಎಂದರು. ಅದನ್ನು ಕೇಳಿ ನಾನೂ ನಕ್ಕೆ, ಆಟೋದವನೂ ಏನೆಂದು ಗೊತ್ತಿಲ್ಲದೆ ನಕ್ಕ.

ಆ ಸಲದ ರಾಜ್ಯ ಸ್ಪರ್ಧೆ ನಮ್ಮ ಊರಿನಲ್ಲೇ ನಡೆಯಿತು. ವಾಲಗವಿದೆ ಎಂದು ಅಮ್ಮನ ಬಾಯಿಂದ ಕೇಳಿ, ಎಂದೂ ಬರದಿದ್ದ ದೊಡ್ಡಮ್ಮ, ಚಿಕ್ಕಮ್ಮಂದಿರು, ಅತ್ತೆಯರೆಲ್ಲ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಬಂದರು. ಮದುವೆಗೆ ಬಂದಂತೆಯೇ ಬಂದರು ಎನ್ನಬೇಕು. ಮೊದಲ ಸಾಲು ಪೂರ್ತಿ ಅವರದೇ. ಸ್ಪರ್ಧೆ ಎಂದಿನಂತೆ ತಡವಾಯಿತು. ಗಂಡಸರ ಸರದಿ ಬರುವ ಹೊತ್ತಿಗೆ ಅವರಿಗೆ ಹಸಿವಾಗಿ, ಹೊರಗೆ ಗಾಡಿಯಿಂದ ಚುರುಮುರಿ ತರಿಸಿಕೊಂಡರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪೊಟ್ಟಣ. ನನಗೆ ಅದು ಕಂಡಿತ್ತು. ಕಂಡರೂ ಏನೂ ಹೊಳೆಯಲಿಲ್ಲ. ಹೊಳೆಯಬೇಕಾಗಿತ್ತು ಎಂದು ಮೇಡಂ ಈಗಲೂ ಬಯ್ಯುತ್ತಾರೆ.

ನನ್ನ ಹಿಂದಿನ ಸ್ಪರ್ಧಿ ಕತ್ತಿ ಹಿರಿದು, ಯುದ್ಧ ಗೆದ್ದು ಹೋದ. ನಾನು ಬಂದು ನಿಂತೆ. ನಾಗಸ್ವರದ ಮೊದಲ ಸ್ವರ ಬಂದಾಗ ಸಭಿಕರಲ್ಲಿ ಒಂದು ಸಣ್ಣ ಗುಜುಗುಜು ಎದ್ದಿತು. ಕೊಡೆ ಹಿಡಿದ ಬಿಂಕದ ನಡಿಗೆಗೆ ನಗು ಬಂತು. ಆ ನಗುವಿಗೆ ನಾನು ಹೆದರಿಕೊಂಡೇ ಬಂದಿದ್ದೆ. ಆದರೆ ಅದು ಗುರುತು ಸಿಕ್ಕಿದವರ ನಗು. ಬಡಿಸುವ ಭಾಗದಲ್ಲಿ ಯಾರೋ ಹಿಂದಿನಿಂದ "ಇಲ್ಲಿಗೆ ಸ್ವಲ್ಪ ಸಾರು" ಎಂದು ಕೂಗಿದರು. ಚಪ್ಪಾಳೆ ಬಿತ್ತು. ಅಷ್ಟು ಖುಷಿಯಿಂದ ನಾನು ಎಂದೂ ಕುಣಿದಿರಲಿಲ್ಲ. ಸಂಗೀತ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಮೈ ಹೋಗುತ್ತಿತ್ತು.

ಆದರೆ ಉಸಿರು ಕೈಕೊಡತೊಡಗಿತ್ತು. ಕೊನೆಯ ಜಂಪ್‌ಗೆ ಸುತ್ತು ಹೊಡೆದು ಬರುವಾಗಲೇ ತೊಡೆಗಳಲ್ಲಿ ಬಲವಿಲ್ಲವೆಂದು ಗೊತ್ತಾಯಿತು. ಇದು ಬರುವುದಿಲ್ಲ, ಮತ್ತೆ ಮೂರನೆಯವನೇ ಎಂದುಕೊಂಡೆ. ಆಗ ಗಟ್ಟಿಮೇಳ ಮೊಳಗಿತು.

ಮೊದಲ ಸಾಲಿನ ರೇಷ್ಮೆ ಸೀರೆಗಳೆಲ್ಲ ಒಟ್ಟಿಗೆ ಎದ್ದು ನಿಂತವು. ಬಲಗೈಗಳೆಲ್ಲ ಒಟ್ಟಿಗೆ ಮೇಲೆ ಹೋದವು. ಹುಟ್ಟಿದಾಗಿನಿಂದ ಎಷ್ಟು ಮದುವೆಗಳಲ್ಲಿ ಅಕ್ಷತೆ ಹಾಕಿದ ಕೈಗಳೋ ಅವು, ಮುಷ್ಟಿಯಲ್ಲಿ ಏನಿದೆ ಎಂದು ನೋಡಲೂ ಇಲ್ಲ. ಕಡಲೆಪುರಿ, ಕಡಲೆಬೀಜ, ಈರುಳ್ಳಿ, ಕ್ಯಾರೆಟ್ ತುರಿ ಎಲ್ಲವೂ ನನ್ನ ತಲೆಯ ಮೇಲೂ ನೆಲದ ಮೇಲೂ ಸುರಿಯಿತು. ಎಲ್ಲರಿಗಿಂತ ಮೊದಲು ಎದ್ದ ಕೈ ನಮ್ಮಮ್ಮನದು. ಅದನ್ನು ನಾನು ಕಣ್ಣಾರೆ ಕಂಡೆ.

ಚಕ್ರದ ಕೆಳಗೆ ಒಂದು ಕಡಲೆಬೀಜ ಸಿಕ್ಕರೆ ಸಾಕು, ಮೂಳೆ ಮುರಿಯುತ್ತದೆ. ರೆಫರಿ ಸೀಟಿ ಊದಿದರು, ಸಂಗೀತ ನಿಂತಿತು, ನಾನೂ ನಿಂತೆ. ಏನು ಮಾಡಿದೆವು ಎಂದು ತಿಳಿದ ನೆಂಟರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿರಬೇಕು. ನೆಲ ಸ್ವಚ್ಛವಾದ ಮೇಲೆ ನಿಂತಲ್ಲಿಂದಲೇ ಮುಂದುವರಿಸಬಹುದು ಎಂದು ರೆಫರಿ ಹೇಳಿದರು. ನಿಯಮ ಹಾಗೇ ಇತ್ತು. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಇಳಿದುಬಂದರು. ಚಿಕ್ಕಮ್ಮಂದಿರು ಮಂಡಿಯೂರಿ ಒಂದೊಂದೇ ಬೀಜ ಆಯ್ದರು. ಒಬ್ಬ ಅತ್ತೆ ಆಯ್ದ ಬೀಜವನ್ನು ಮರೆತು ಬಾಯಿಗೂ ಹಾಕಿಕೊಂಡರು. ನಾನು ಅಂಚಿಗೆ ಬಂದು ನಿಂತಾಗ ಮೇಡಂ ನನ್ನ ಎದೆಯ ಮೇಲೆ ಕೈಯಿಟ್ಟು, "ಉಸಿರು ತಗೋ, ಮಾತಾಡಬೇಡ" ಎಂದರು. ಆಮೇಲೆ ದೂರಕ್ಕೆ ಬೆರಳು ತೋರಿಸಿ, "ಅಮ್ಮಾ, ಅಲ್ಲೊಂದು ಇದೆ ನೋಡಿ. ಆ ಮೂಲೇಲೂ ಒಂದು. ನಿಧಾನಕ್ಕೆ, ಅವಸರ ಏನಿಲ್ಲ" ಎಂದು ಅತ್ತೆಯರಿಗೆ ಹೇಳುತ್ತಲೇ ಹೋದರು.

ಗಟ್ಟಿಮೇಳ ಮತ್ತೆ ಶುರುವಾದಾಗ ಮೊದಲ ಸಾಲಿನವರೆಲ್ಲ ತಮ್ಮ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತಿದ್ದರು. ನನ್ನ ಕಾಲಿಗೆ ಬಲ ಬಂದಿತ್ತು. ಹಾರಿದೆ. ಎರಡೂವರೆ ಸುತ್ತು ಮುಗಿಸಿ ಒಂಟಿ ಕಾಲಲ್ಲಿ ಇಳಿದೆ. ಸ್ಟುಡಿಯೊದಲ್ಲಿ ಮೂರನೆಯ ಗಂಟು ಬಿದ್ದಿದ್ದ ಆ ಕ್ಷಣಕ್ಕೆ, ಡೋಲು ನಿಂತಾಗ, ತಲೆ ಬಾಗಿಸಿ ನಿಂತೆ. ಅಂಕ ಬಂತು. ಕೂದಲೆಳೆಯಷ್ಟು ಅಂತರದಲ್ಲಿ ನಾನು ಎರಡನೆಯವನು.

ಖುಷಿ ಪಡಲು ಹೆಚ್ಚು ಹೊತ್ತು ಸಿಗಲಿಲ್ಲ. ಮೂರನೆಯವನಾದ ಹುಡುಗನ ಕೋಚ್, ಬೇರೆ ಊರಿನವರು, ನೇರ ರೆಫರಿಯ ಕೋಣೆಗೆ ಹೋಗಿ ದೂರು ಕೊಟ್ಟರು. ಕಡಲೆಬೀಜ ಎರಚಿದ್ದು ಬೇಕೆಂದೇ, ಸುಸ್ತಾದವನಿಗೆ ವಿಶ್ರಾಂತಿ ಕೊಡಿಸಲು ಮನೆಯವರೆಲ್ಲ ಸೇರಿ ಹೂಡಿದ ಆಟ, ಇವನ ಅಂಕ ಕಡಿಮೆ ಮಾಡಬೇಕು ಎಂಬುದು ಅವರ ವಾದ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ವಿಶ್ರಾಂತಿ ಸಿಕ್ಕಿದ್ದೂ ಸುಳ್ಳಲ್ಲ, ಅದರಿಂದಲೇ ಜಂಪ್ ಬಂದಿದ್ದೂ ಸುಳ್ಳಲ್ಲ. ರೆಫರಿ ಅಮ್ಮನನ್ನೂ ನನ್ನನ್ನೂ ಒಳಗೆ ಕರೆಸಿದರು.

"ಮೊದಲು ಎರಚಿದ್ದು ನೀವಂತೆ. ಮಗ ಗೆಲ್ಲಲಿ ಅಂತ ಮಾಡಿದ್ರಾ?" ಎಂದು ಕೇಳಿದರು.

"ಇವ್ನು ಗೆದ್ರೆ ನಂಗೇನು ಬಂತು ಸ್ವಾಮಿ?" ಎಂದರು ಅಮ್ಮ, ದನಿ ಏರಿಸಿ. "ಸೋತಿದ್ರೆ ಹುಡುಗಿ ನೋಡೋಕೆ ಬರ್ತೀನಿ ಅಂತ ಮಾತು ಕೊಟ್ಟಿದ್ದ. ಸೋಲಲಿ ಅಂತ ಬೆಟ್ಟದ ತಾಯಿಗೆ ಹರಕೆ ಹೊತ್ಕೊಂಡು ಬಂದಿದ್ದೀನಿ ನಾನು. ಬೇಕಂತ ಎರಚ್ತೀನಾ?"

ಹರಕೆಯ ವಿಷಯ ನನಗೆ ಗೊತ್ತಿರಲಿಲ್ಲ. ದೂರು ಕೊಟ್ಟ ಕೋಚ್, "ಇದೆಲ್ಲ ಕಟ್ಟುಕತೆ. ಗಟ್ಟಿಮೇಳ ಕೇಳಿದ ತಕ್ಷಣ ಕೈ ತಾನಾಗೇ ಏಳುತ್ತಾ?" ಎಂದರು. ರೆಫರಿ ಎದ್ದು ಹೋಗಿ ಬಾಗಿಲ ಬಳಿ ಸಂಗೀತ ಹಾಕುವ ಹುಡುಗಿಯ ಕಿವಿಯಲ್ಲಿ ಏನೋ ಹೇಳಿ ಬಂದು ಕೂತರು. ಅದು ಇದು ಮಾತು ತೆಗೆದರು. ಪ್ರಯಾಣ ಹೇಗಿತ್ತು, ಉಳಿದುಕೊಂಡಿದ್ದು ಎಲ್ಲಿ ಎಂದು ಕೋಚನ್ನು ವಿಚಾರಿಸಿದರು. ಅವರು ಉತ್ತರ ಹೇಳುತ್ತಿದ್ದಂತೆ ಹೊರಗಿನ ಸ್ಪೀಕರಿನಲ್ಲಿ ಗಟ್ಟಿಮೇಳ ಭೋರ್ಗರೆಯಿತು.

ಕೋಚ್ ಮಾತಿನ ನಡುವೆಯೇ ಕುರ್ಚಿಯಿಂದ ಅರ್ಧ ಎದ್ದರು. ಬಲಗೈ ಭುಜದ ಎತ್ತರಕ್ಕೆ ಹೋಯಿತು, ಬೆರಳುಗಳು ಬಿಚ್ಚಿಕೊಂಡವು, ಅವರ ಕೈಯಲ್ಲಿದ್ದ ಪೆನ್ನು ಹಾರಿಬಂದು ನನ್ನ ಎದೆಗೆ ಬಡಿದು ಕೆಳಗೆ ಬಿತ್ತು. ಮೊದಲು ನಕ್ಕವರು ಆ ಕೋಚೇ. ತಮ್ಮ ಕೈಯನ್ನು ತಾವೇ ತಿರುಗಿಸಿ ನೋಡಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ದೂರು ಹಿಂದಕ್ಕೆ ತೆಗೆದುಕೊಂಡರು. ಹೊರಗೆ ಅವರ ಹುಡುಗ ಗೋಡೆಗೆ ಒರಗಿ ನಿಂತಿದ್ದ. ಅವನ ಹೆಗಲ ಮೇಲೆ ಕೈ ಹಾಕಿ ಏನಾದರೂ ಹೇಳಬೇಕೆಂದು ಹೋದೆ. ಮೂರನೆಯವನಿಗೆ ಹೇಳುವಂಥ ಮಾತು ಯಾವುದೂ ಇಲ್ಲವೆಂದು ನನಗೆ ಗೊತ್ತಿತ್ತು. ಸುಮ್ಮನೆ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತು ಬಂದೆ.

ನೆಂಟರೆಲ್ಲ ಹೊರಟರು. ಅಮ್ಮ ಮತ್ತು ನಾನು ಗೇಟಿನ ಬಳಿ ಆಟೋಗೆ ಕಾಯುತ್ತಿದ್ದೆವು. ಅಮ್ಮ ನನ್ನ ಕೂದಲಿನಲ್ಲಿ ಸಿಕ್ಕಿಕೊಂಡಿದ್ದ ಕಡಲೆಪುರಿಯನ್ನು ಬೆರಳಿನಿಂದ ತೆಗೆಯುತ್ತಿದ್ದರು. ನನ್ನ ಬಾಯಿ ಸುಮ್ಮನಿರಲಿಲ್ಲ.

"ನಿಜ ಹೇಳಮ್ಮ. ನಾನು ಸೋಲಲಿ ಅಂತ ಹರಕೆ ಹೊತ್ತಿದ್ಯಾ?"

"ಹೊತ್ತಿದ್ದೆ. ಸುಳ್ಯಾಕೆ ಹೇಳ್ಲಿ."

"ಮತ್ತೆ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದು?"

ಅಮ್ಮ ಬೆರಳು ನಿಲ್ಲಿಸಿದರು.

"ಗಟ್ಟಿಮೇಳ ಬಂತು, ಎದ್ದೆ, ಹಾಕಿದೆ" ಎಂದರು. "ಆಮೇಲೆ ನೋಡ್ತೀನಿ, ನೀನು ಅಲ್ಲಿ ಒಬ್ನೇ ನಿಂತಿದ್ದೆ ಕಣೋ. ಏನೂ ಕಮ್ಮಿ ಅನ್ನಿಸ್ಲಿಲ್ಲ ನಂಗೆ."